ರಾಜ್ಯಸಭೆಗೆ 45 ಮತ, ಇದು ಯಾವ ಲೆಕ್ಕ?

ಪ್ರಶ್ನೆ: ಪಿಯುಸಿಗೆ ರಾಜ್ಯಶಾಸ್ತ್ರ ಹೇಳಿಕೊಡ್ತೀನಿ. ನಮ್ಮ 224 ಶಾಸಕರು ನಾಲ್ಕು ರಾಜ್ಯಸಭಾ ಸ್ಥಾನ ತುಂಬುವಾಗ ಗೆಲ್ಲೋಕೆ 45 ಮತ ಸಾಕು ಅಂದೆ. "ನಾಲ್ಕರಿಂದ ಭಾಗಿಸಿದ್ರೆ 56 ಅಲ್ವಾ ಸರ್?" ಅಂದಳು ಒಬ್ಬ ಹುಡುಗಿ. ಸೀಮೆಸುಣ್ಣ ಹಿಡ್ಕೊಂಡು ಸುಮ್ಮನೆ ನಿಂತೆ.

ಉತ್ತರ 1: ಮೇಷ್ಟ್ರೇ, ಸ್ಥಾನಗಳಿಗೆ ಒಂದು ಸೇರಿಸಿ ಭಾಗಿಸಬೇಕು. ಒಂದು ಮತದ ಮೌಲ್ಯ 100. 22,400ನ್ನು 5ರಿಂದ ಭಾಗಿಸಿ 1 ಕೂಡಿಸಿದ್ರೆ 4,481. 45 ಜನ ಹಾಕಿದ್ರೆ 4,500, ಗೆದ್ದಂಗೆ. ಐದನೆಯವರೂ 4,481 ಮುಟ್ಟೋಕೆ ಅಷ್ಟು ಮತಾನೇ ಇರಲ್ಲ.

ಉತ್ತರ 2: ನನಗೆ ತುಂಬ ಇಷ್ಟವಾಗೋದು ಮುಂದಿನ ಹಂತ. 46 ಬಿದ್ದರೆ ಹೆಚ್ಚುವರಿ ಮೌಲ್ಯ ವ್ಯರ್ಥವಾಗಲ್ಲ, ಆ ಮತಪತ್ರಗಳಲ್ಲಿ ಶಾಸಕರಿಂದ ಎರಡನೇ ಆಯ್ಕೆಯಾಗಿ '2' ಅಂತ ಬರೆಸಿಕೊಂಡ ಅಭ್ಯರ್ಥಿಗಳಿಗೆ ಹೋಗುತ್ತೆ. ಅದಕ್ಕೇ ಸಣ್ಣ ಪಕ್ಷಕ್ಕೂ ಎರಡನೇ ಪ್ರಾಶಸ್ತ್ಯ ಅಷ್ಟು ಮುಖ್ಯ.

ಪ್ರಶ್ನೆ ಕೇಳಿದವರು: ತುಂಬ ಉಪಕಾರ. ನಾಳೆ ಮೊದಲು ಆ ಹುಡುಗಿಗೇ ಹೇಳ್ತೀನಿ.