ಕೋವಿಡ್ ನಂತರ ಕೆಲವು ಪ್ರದೇಶಗಳು ಮಾತ್ರ ಯಾಕೆ ಹಿಂದೆ ಉಳಿದವು?

ಪ್ರಶ್ನೆ: ಮೇಡಂ, ನೀವು ಪ್ರಾದೇಶಿಕ ಯೋಜನೆಯ ಕೆಲಸದಲ್ಲಿರುವವರು, ಅದಕ್ಕೇ ಕೇಳುತ್ತಿದ್ದೇನೆ. ಕೋವಿಡ್ ಇಡೀ ಜಗತ್ತಿಗೇ ಬಂತು. ಆದರೆ ಒಂದೇ ದೇಶದೊಳಗೆ ಕೆಲವು ಪ್ರದೇಶಗಳು ಬೇಗ ಎದ್ದು ನಿಂತವು, ಕೆಲವು ವರ್ಷಗಟ್ಟಲೆ ಏಗಿದವು. ಸರ್ಕಾರಗಳು ಕೊಟ್ಟ ದುಡ್ಡು ಸಾಲಲಿಲ್ಲವಾ?

ಉತ್ತರ: ದುಡ್ಡಿನ ಮಾತು ಆಮೇಲೆ. ಮೊದಲು ಪೆಟ್ಟು ಎಲ್ಲಿ ಬಿತ್ತು ಅಂತ ನೋಡಬೇಕು. 2020ರಲ್ಲಿ ಜಗತ್ತಿನ ಒಟ್ಟು ಉತ್ಪನ್ನ ಕುಗ್ಗಿದ್ದು ಸುಮಾರು ಶೇ. 3ರಷ್ಟು. ಅದೇ ವರ್ಷ ವಿದೇಶಿ ಪ್ರವಾಸಿಗರ ಸಂಖ್ಯೆ ಶೇ. 70ಕ್ಕಿಂತ ಜಾಸ್ತಿ ಇಳಿಯಿತು. ಪ್ರವಾಸವನ್ನೇ ನಂಬಿದ್ದ ಮಾಲ್ಡೀವ್ಸ್‌ನ ಆರ್ಥಿಕತೆಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕೊಚ್ಚಿಹೋಯಿತು. ದೇಶಗಳೊಳಗೂ ಇದೇ ಕಥೆ. ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ ಮನೆಗೆ ಬಂತು. ಹೋಟೆಲ್ ಕೋಣೆ ಗುಡಿಸುವ ಕೆಲಸವನ್ನು ಮನೆಯಿಂದ ಮಾಡೋಕಾಗಲ್ಲ, ಅಲ್ವಾ? ಒಂದೇ ಕಸುಬಿನ ಮೇಲೆ ನಿಂತ ಪ್ರದೇಶಕ್ಕೆ ಆ ಕಸುಬು ನಿಂತರೆ ಬೇರೆ ಆಸರೆಯೇ ಇರುವುದಿಲ್ಲ.

ಇನ್ನೊಬ್ಬ ಸದಸ್ಯರು: ಆದರೆ ಮಾಲ್ಡೀವ್ಸ್ ಮರುವರ್ಷವೇ ಶೇ. 30ಕ್ಕಿಂತ ಜಾಸ್ತಿ ಬೆಳೆಯಿತಲ್ಲ ಮೇಡಂ? ಅಂದರೆ ಕಳೆದುಕೊಂಡದ್ದೆಲ್ಲ ವಾಪಸ್ ಬಂತು ಅಂತ ತಾನೇ?

ಉತ್ತರ: ಇಲ್ಲ, ಇಲ್ಲೇ ತುಂಬ ಜನ ಎಡವುತ್ತಾರೆ. ನೂರು ಇದ್ದದ್ದು ಶೇ. 33 ಇಳಿದರೆ 67. ಆ 67 ಮತ್ತೆ ಶೇ. 33 ಏರಿದರೂ 89 ಮಾತ್ರ. ಬೆಳವಣಿಗೆ ದರ ನೋಡಿ ಚೇತರಿಕೆ ಅಳೆಯಬೇಡಿ, 2019ರ ಮಟ್ಟಕ್ಕೆ ಹೋಲಿಸಿ.

ಮಾಲ್ಡೀವ್ಸ್‌ಗೆ ಒಂದು ಅನುಕೂಲವೂ ಇತ್ತು. ಅಲ್ಲಿ ಬಹುಪಾಲು ರೆಸಾರ್ಟ್‌ಗಳು ಒಂದೊಂದೂ ಒಂದೊಂದು ದ್ವೀಪದಲ್ಲಿವೆ, ಪ್ರವಾಸಿಗರನ್ನು ಪ್ರತ್ಯೇಕವಾಗಿ ಇಡುವುದು ಸುಲಭ. ಹಾಗಾಗಿ 2020ರ ಜುಲೈನಲ್ಲೇ ಬಾಗಿಲು ತೆರೆಯಿತು. ಆ ತೀರ್ಮಾನವನ್ನು ತಾನೇ ತೆಗೆದುಕೊಳ್ಳುವ ಅಧಿಕಾರ ಅದಕ್ಕಿತ್ತು. ದೊಡ್ಡ ದೇಶದೊಳಗಿನ ಒಂದು ಜಿಲ್ಲೆಗೆ ಗಡಿಯೂ ತನ್ನದಲ್ಲ, ಸಾಲ ಎತ್ತುವ ಸ್ವಾತಂತ್ರ್ಯವೂ ಅಷ್ಟಾಗಿ ಇಲ್ಲ.

ಪ್ರಶ್ನೆ ಕೇಳಿದವರು: ಸರಿ ಮೇಡಂ. ಈಗ ದುಡ್ಡಿನ ವಿಷಯ ಹೇಳಿ.

ಉತ್ತರ: ಯುರೋಪಿಯನ್ ಒಕ್ಕೂಟದ ಉದಾಹರಣೆ ಕೊಡುತ್ತೇನೆ. 2020ರ ಜುಲೈನಲ್ಲಿ ಅದು 75,000 ಕೋಟಿ ಯೂರೋಗಳ ಚೇತರಿಕೆ ನಿಧಿಗೆ ಒಪ್ಪಿತು. ಅದಕ್ಕಾಗಿ ಒಟ್ಟಾಗಿ ಸಾಲ ಎತ್ತಿತು. ದೊಡ್ಡ ಪಾಲು ಇಟಲಿಗೆ ಸಿಕ್ಕಿತು. ಹಿಂದುಳಿದ ದಕ್ಷಿಣ ಭಾಗಕ್ಕೆ ಶೇ. 40ರಷ್ಟನ್ನು ಮೀಸಲಿಡುವುದಾಗಿ ಇಟಲಿ ಹೇಳಿತು. ಒಳ್ಳೆಯ ತೀರ್ಮಾನವೇ. ಆದರೆ ಕಂತು ಬರುವುದು ಗೊತ್ತುಮಾಡಿದ ಗುರಿ ಮುಟ್ಟಿದ ಮೇಲೆ, ಅದಕ್ಕೆ 2026ರ ಗಡುವು ಬೇರೆ. ಅರ್ಜಿ ಬರೆಯಲು, ನಕ್ಷೆ ಮಾಡಲು, ಟೆಂಡರ್ ಕರೆಯಲು ಸಣ್ಣ ಊರುಗಳ ಪುರಸಭೆಗಳಲ್ಲಿ ಎಂಜಿನಿಯರ್‌ಗಳೂ ಗುಮಾಸ್ತರೂ ಸಾಕಷ್ಟು ಇರಲಿಲ್ಲ.

ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಯಾವ ಊರಿಗೆ ನೆರವು ಹೆಚ್ಚು ಬೇಕೋ ಆ ಊರಿಗೇ ಅದನ್ನು ಪಡೆಯುವ ಶಕ್ತಿ ಕಡಿಮೆ. ಅದಕ್ಕೇ ನಾನು ಯಾವ ಚೇತರಿಕೆ ಯೋಜನೆ ನೋಡಿದರೂ ಮೊತ್ತಕ್ಕಿಂತ ಮೊದಲು ಸಿಬ್ಬಂದಿ ಪಟ್ಟಿ ಕೇಳುತ್ತೇನೆ. ಅನುದಾನದ ಜೊತೆಗೇ ಮೂರ್ನಾಲ್ಕು ವರ್ಷಕ್ಕೆ ತಾಂತ್ರಿಕ ಸಿಬ್ಬಂದಿಯನ್ನೂ ಕೊಡಬೇಕು. ಸುಮ್ನೆ ಮೇಲಿನಿಂದ ಹಣ ಬಿಡುಗಡೆ ಮಾಡಿದರೆ ಅದು ಮೊದಲೇ ಗಟ್ಟಿಯಾಗಿದ್ದ ನಗರಗಳಿಗೇ ಹರಿಯುತ್ತದೆ.

ಇನ್ನೊಬ್ಬ ಸದಸ್ಯರು: ನಾವು ಸಾಮಾನ್ಯರು ಯಾವ ಅಂಕಿ ಕೇಳಬೇಕು?

ಉತ್ತರ: ನಿಮ್ಮ ಪ್ರದೇಶದಲ್ಲಿ 2019ರಲ್ಲಿ ಎಷ್ಟು ಜನಕ್ಕೆ ಕೆಲಸ ಇತ್ತು, ಈಗ ಎಷ್ಟು. ಹೆಂಗಸರ ಲೆಕ್ಕ ಬೇರೆಯಾಗಿ ಕೇಳಿ. ಶಾಲೆ ಬಿಟ್ಟ ಮಕ್ಕಳಲ್ಲಿ ಎಷ್ಟು ಜನ ಮರಳಿದರು ಅಂತಲೂ ಕೇಳಿ. ದೇಶದ ಸರಾಸರಿಯಲ್ಲಿ ಇವು ಯಾವುವೂ ಕಾಣುವುದಿಲ್ಲ.