ಪದಚರ್ಚೆ: 'ಸೀಲ್ಡ್ ರೆಕಾರ್ಡ್' ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ, ಸ್ಯಾನ್ ಹೊಸೆಯಿಂದ

ಮಾನ್ಯರೇ,

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಇರುವ ಕನ್ನಡಿಗರಿಗಾಗಿ, ಅದರಲ್ಲೂ ಮಕ್ಕಳ ಮನೆಗೆ ಬಂದು ಇಲ್ಲೇ ನೆಲೆಸಿದ ಹಿರಿಯರಿಗಾಗಿ, ಕೌಂಟಿ ನ್ಯಾಯಾಲಯದ ದಾಖಲೆಗಳನ್ನು ಹುಡುಕಿ ಪ್ರತಿ ಪಡೆಯುವ ಬಗೆಯನ್ನು ತಿಳಿಸುವ ಎರಡು ಪುಟಗಳ ಕರಪತ್ರವೊಂದನ್ನು ಬರೆಯುತ್ತಿದ್ದೇನೆ. ಶುಕ್ರವಾರ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ಉಳಿದದ್ದೆಲ್ಲ ಒಂದು ಹದಕ್ಕೆ ಬಂದಿದೆ, ಆದರೆ 'ಸೀಲ್ಡ್ ರೆಕಾರ್ಡ್' ಎಂಬಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಕರಡಿನಲ್ಲಿ ನಾನು 'ಮೊಹರು ಹಾಕಿದ ದಾಖಲೆಗಳನ್ನು ಸಾರ್ವಜನಿಕರಿಗೆ ಕೊಡುವುದಿಲ್ಲ' ಎಂದು ಬರೆದಿದ್ದೆ. ಅದನ್ನು ಹಾಸನದ ಕಡೆಯ ಹಿರಿಯರೊಬ್ಬರಿಗೆ ಓದಲು ಕೊಟ್ಟೆ. ಅವರು ಓದಿ, ಒಳಗೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ತಮ್ಮ ಜಮೀನಿನ ಕ್ರಯಪತ್ರದ ನಕಲನ್ನು ತಂದು, ಅದರ ಮೂಲೆಯಲ್ಲಿದ್ದ ನೇರಳೆ ಬಣ್ಣದ ದುಂಡು ಮುದ್ರೆಯ ಮೇಲೆ ಬೆರಳಿಟ್ಟು, "ಮೊಹರು ಹಾಕಿದ್ದನ್ನೇ ಅಲ್ಲವೇ ನಾವು ಕಚೇರಿಯಿಂದ ಕೇಳಿ ತರುವುದು? ಅದನ್ನು ಕೊಡುವುದಿಲ್ಲ ಎಂದರೆ ಮತ್ತೇನು ಕೊಡುತ್ತಾರೆ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಬಳಕೆಯಲ್ಲಿ ಮೊಹರು ಕಾಗದಕ್ಕೆ ಬೆಲೆ ತರುವಂಥದ್ದು, ಇಲ್ಲಿಯ ನ್ಯಾಯಾಲಯದ ಮಾತಿನಲ್ಲಿ 'ಸೀಲ್' ಎಂದರೆ ಕಾಗದವನ್ನು ಕಣ್ಣಿಗೆ ಬೀಳದಂತೆ ಮುಚ್ಚುವಂಥದ್ದು. ಒಂದೇ ಪದ ಎರಡು ತದ್ವಿರುದ್ಧ ದಿಕ್ಕುಗಳಿಗೆ ಎಳೆಯುತ್ತಿದೆ.

ಸಂದರ್ಭ ಹೀಗಿದೆ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ ಪ್ರತಿಯೊಂದಕ್ಕೂ ಒಂದು ಸುಪೀರಿಯರ್ ಕೋರ್ಟ್, ಅಂದರೆ ವಿಚಾರಣಾ ನ್ಯಾಯಾಲಯ, ಇದ್ದು, ಅಲ್ಲಿಯ ದಾಖಲೆಗಳನ್ನು ಯಾರು ಬೇಕಾದರೂ ಕಾರಣ ಹೇಳದೆ ನೋಡಬಹುದು ಎಂಬುದು ಮೂಲ ನಿಯಮ. ಅದಕ್ಕೆ ಎರಡು ಬಗೆಯ ಅಪವಾದಗಳಿವೆ. ಬಾಲನ್ಯಾಯದ ಮತ್ತು ದತ್ತು ಸ್ವೀಕಾರದ ಕಡತಗಳಂತೆ ಕಾನೂನೇ ಗೋಪ್ಯವೆಂದು ಗೊತ್ತುಪಡಿಸಿದವು ಒಂದು ಬಗೆ. ತೆರೆದೇ ಇರಬೇಕಾಗಿದ್ದ ದಾಖಲೆಯನ್ನು ನ್ಯಾಯಾಧೀಶರು ಕಾರಣಗಳನ್ನು ಪರಿಶೀಲಿಸಿ, ಆದೇಶ ಹೊರಡಿಸಿ ಮುಚ್ಚಿಸಿದವು ಇನ್ನೊಂದು ಬಗೆ. ಎರಡನೆಯದಕ್ಕೆ ನನಗೆ ಪದ ಬೇಕು, ಮೊದಲನೆಯದಕ್ಕೆ 'ಗೋಪ್ಯ' ಸಾಕು.

ಉತ್ತರ, ಮೈಸೂರಿನಿಂದ

ನಿಮ್ಮ ಪ್ರಶ್ನೆಯಲ್ಲಿಯೇ ಮೂರು ತಪ್ಪುಗಳಿವೆ. 'ಮೊಹರು' ಪಾರಸಿಯದು, 'ದಾಖಲೆ' ಅರಬ್ಬಿಯದು, 'ಕೌಂಟಿ' ಇಂಗ್ಲಿಷಿನದು. ಮೂರನ್ನೂ ಬಿಟ್ಟರೆ ತೊಡಕು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

'ಕೌಂಟಿ' ಎಂಬುದಕ್ಕೆ ನಮ್ಮಲ್ಲಿ ಸಾವಿರ ವರ್ಷಗಳಿಗೂ ಹಿಂದಿನಿಂದ 'ನಾಡು' ಇದೆ. ಬೆಳ್ವೊಲ ಮುನ್ನೂರು, ಬನವಾಸಿ ಪನ್ನಿರ್ಛಾಸಿರ (ಹನ್ನೆರಡು ಸಾವಿರ) ಎಂದು ಶಾಸನಗಳು ಎಣಿಸುವುದು ಇಂಥ ಆಡಳಿತ ಘಟಕಗಳನ್ನೇ, ಅಲ್ಲಿ ನ್ಯಾಯ ಹೇಳುವುದರಲ್ಲಿ ಕೈಯಿದ್ದವನು ನಾಡಗಾವುಂಡ. 'ದಾಖಲೆ'ಯ ಜಾಗದಲ್ಲಿ 'ಕಡತ' ಬರಬೇಕು. ಹುಣಸೆಬೀಜದ ಸರಿಯನ್ನು ಇದ್ದಿಲ ಪುಡಿಯೊಡನೆ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಬಳಪದಿಂದ ಬರೆದು ಮಡಿಸಿಡುತ್ತಿದ್ದ ಲೆಕ್ಕದ ಹೊತ್ತಗೆಗೆ ಆ ಹೆಸರಿತ್ತು, ಶೃಂಗೇರಿ ಮಠದ ಕಡತಗಳು ಇಂದಿಗೂ ಉಳಿದಿವೆ. ಮುಚ್ಚು ಮತ್ತು ಕಡತ ಸೇರಿದರೆ 'ಮುಚ್ಚುಗಡತ'. ಅಷ್ಟೇ. ಇದಕ್ಕಿಂತ ಹೆಚ್ಚು ಚರ್ಚೆ ಬೇಕಿಲ್ಲ.

ಉತ್ತರ, ಧಾರವಾಡದಿಂದ

'ಮುಚ್ಚುಗಡತ' ನಡೆಯುವುದಿಲ್ಲ. ನಾನು ಮೂರು ದಶಕ ನ್ಯಾಯಾಲಯದ ನಕಲು ವಿಭಾಗದಲ್ಲಿ ಕೂತವನು, ಕೌಂಟರಿನ ಹೊರಗೆ ನಿಂತವರಿಗೆ ಯಾವ ಪದ ತಿಳಿಯುತ್ತದೆ ಎಂಬುದನ್ನು ದಿನವೂ ಕಂಡವನು. 'ನಾಡ ನ್ಯಾಯಾಲಯ' ಎಂದು ಬರೆದರೆ ಇಂದಿನ ಓದುಗರ ಮನಸ್ಸಿಗೆ ಬರುವುದು ಹೋಬಳಿಯ ನಾಡಕಚೇರಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರಕ್ಕೆ ಅರ್ಜಿ ಕೊಡುವ ಜಾಗ. ಕೌಂಟಿಯನ್ನು ಕೌಂಟಿ ಎಂದೇ ಬಿಡಿ. ಅಲ್ಲಿ ಬದುಕುವವರಿಗೆ ಅದು ದಿನಬಳಕೆಯ ಪದವೇ ಆಗಿರುತ್ತದೆ.

ಕಡತವೂ ದಾಖಲೆಯೂ ಒಂದೇ ಅಲ್ಲ. ಒಂದು ಪ್ರಕರಣದ ಕಾಗದಗಳೆಲ್ಲ ಸೇರಿ ಕಡತ, ಅದರೊಳಗಿನ ಒಂದೊಂದು ಕಾಗದ ದಾಖಲೆ. ನೀವು ಹೇಳುವ ಆದೇಶ ಕೆಲವೊಮ್ಮೆ ಇಡೀ ಕಡತವನ್ನು ಮುಚ್ಚಬಹುದು, ಕೆಲವೊಮ್ಮೆ ಒಳಗಿನ ಎರಡು ಹಾಳೆಗಳನ್ನು ಮಾತ್ರ ಮುಚ್ಚಬಹುದು. ಎರಡಕ್ಕೂ ಒಂದೇ ಪದ ಹಾಕಿದರೆ ಅರ್ಥ ಕೆಡುತ್ತದೆ.

ನನ್ನ ಸಲಹೆ 'ಮುಚ್ಚಿದ ದಾಖಲೆ'. ಸುಪ್ರೀಂ ಕೋರ್ಟಿಗೆ ವರದಿ ಸಲ್ಲಿಕೆಯಾದಾಗ ನಮ್ಮ ಪತ್ರಿಕೆಗಳು 'ಮುಚ್ಚಿದ ಲಕೋಟೆಯಲ್ಲಿ' ಎಂದು ಬರೆಯುತ್ತಲೇ ಇವೆ. ಹೊಸ ಪದ ಹುಟ್ಟಿಸುವ ಅಗತ್ಯವಿಲ್ಲ.

ಇನ್ನೊಂದು ಎಚ್ಚರಿಕೆ. 'ಸರ್ಟಿಫೈಡ್ ಕಾಪಿ' ಎಂಬುದಕ್ಕೆ ಬರಿದೇ 'ನಕಲು' ಎಂದು ಬರೆಯಬೇಡಿ, 'ದೃಢೀಕೃತ ನಕಲು' ಎಂದು ಬರೆಯಿರಿ. ಊರ ಕಡೆ ನಕಲು ಎಂದರೆ ಪ್ರತಿ ಎಂದೇ ಅರ್ಥವಾದರೂ, 'ನಕಲಿ'ಯ ನೆರಳು ಅದರ ಮೇಲೆ ಬಿದ್ದು ಹೊಸ ತಲೆಮಾರಿನವರು ಅನುಮಾನ ಪಡುತ್ತಾರೆ.

ಪ್ರಶ್ನೆ ಕೇಳಿದವರಿಂದ

ಧಾರವಾಡದ ಹಿರಿಯರು ಕಡತ ಮತ್ತು ದಾಖಲೆಗಳ ನಡುವಿನ ಗೆರೆಯನ್ನು ಸ್ಪಷ್ಟಪಡಿಸಿದ್ದಕ್ಕೆ ಕೃತಜ್ಞನಾಗಿದ್ದೇನೆ, 'ದೃಢೀಕೃತ ನಕಲು' ಎಂಬುದನ್ನು ಹಾಗೆಯೇ ತೆಗೆದುಕೊಂಡಿದ್ದೇನೆ. ಅದು ಇಲ್ಲಿ ಬಹಳ ಮುಖ್ಯವಾದ ಪದ. ಪೌರತ್ವಕ್ಕೆ ಅರ್ಜಿ ಹಾಕುವವರ ಮೇಲೆ ಹಿಂದೆಂದಾದರೂ ಕ್ರಿಮಿನಲ್ ಪ್ರಕರಣ ದಾಖಲಾಗಿದ್ದರೆ, ಅದು ಹೇಗೆ ಮುಗಿಯಿತು ಎಂಬುದಕ್ಕೆ ನ್ಯಾಯಾಲಯದ ದೃಢೀಕೃತ ನಕಲನ್ನು ವಲಸೆ ಇಲಾಖೆ ಕೇಳುತ್ತದೆ. ಸಾದಾ ಪ್ರತಿಗೆ ಪುಟಕ್ಕೆ 50 ಸೆಂಟ್, ದೃಢೀಕರಣಕ್ಕೆ ಅದರ ಮೇಲೆ 40 ಡಾಲರ್, ಕಡತ ಹುಡುಕಲು ಸಿಬ್ಬಂದಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಮತ್ತೆ 15 ಡಾಲರ್. ಪದ ತಪ್ಪಿ ಸಾದಾ ಪ್ರತಿ ತಂದವರು ಇನ್ನೊಮ್ಮೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಆದರೆ 'ಮುಚ್ಚಿದ ದಾಖಲೆ'ಯಲ್ಲಿ ಒಂದು ತೊಡಕು ಕಾಣುತ್ತಿದೆ. ವಿಚಾರಣೆ ಮುಗಿದ ಪ್ರಕರಣವನ್ನು ಅಂತರ್ಜಾಲದ ಹುಡುಕುಪುಟವು 'ಕ್ಲೋಸ್ಡ್' ಎಂದು ತೋರಿಸುತ್ತದೆ, ಕನ್ನಡದಲ್ಲಿ ಅದೂ 'ಮುಚ್ಚಿದ ಪ್ರಕರಣ'ವೇ ಆಗುತ್ತದೆ. ಮುಗಿದ ಪ್ರಕರಣದ ಕಡತವನ್ನು ಯಾರಾದರೂ ನೋಡಬಹುದು. 'ಮುಚ್ಚಿದ' ಎಂಬ ಒಂದೇ ಪದವನ್ನು ಎರಡೂ ಕಡೆ ಇಟ್ಟರೆ, ಮುಗಿದುಹೋದದ್ದನ್ನೆಲ್ಲ ಕೊಡುವುದಿಲ್ಲವೆಂದು ಓದುಗರು ತಿಳಿದು ವಾಪಸಾಗುತ್ತಾರೆ.

ಇನ್ನೊಂದು ಪದದ ಬಗ್ಗೆಯೂ ಇಲ್ಲಿಯೇ ಕೇಳಿಬಿಡುತ್ತೇನೆ. ಹುಡುಕುಪುಟ ಮೊದಲು ಕೇಳುವುದು 'ಲಾಸ್ಟ್ ನೇಮ್'. 'ಕೊನೆಯ ಹೆಸರು' ಎಂದು ಅನುವಾದಿಸಿದರೆ, ಎಚ್. ಎಸ್. ಎಂದು ಆರಂಭವಾಗುವ ಹೆಸರಿನವರು ಏನನ್ನು ಬರೆಯಬೇಕು? ನಮ್ಮವರಲ್ಲಿ ಕೆಲವರ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಕೊನೆಗೆ ನಿಂತಿದೆ, ಕೆಲವರಲ್ಲಿ ಊರಿನ ಹೆಸರು, ಮತ್ತೆ ಕೆಲವರಲ್ಲಿ ಸ್ವಂತ ಹೆಸರೇ ಆ ಜಾಗಕ್ಕೆ ಹೋಗಿದೆ. ಇದು ಬರಿಯ ಪದದ ಪ್ರಶ್ನೆಯಲ್ಲ. ಹೆಸರು ಹಿಂದುಮುಂದಾದರೆ ದಾಖಲೆಯೇ ಸಿಗುವುದಿಲ್ಲ. ಜನ್ಮದಿನಾಂಕ ಹಾಕಿ ಖಚಿತಪಡಿಸಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲ. ರಿವರ್‌ಸೈಡ್ ಕೌಂಟಿಯ ವ್ಯಾಜ್ಯವೊಂದರಲ್ಲಿ 2021ರಲ್ಲಿ ಮೇಲ್ಮನವಿ ನ್ಯಾಯಾಲಯವು, ಕ್ರಿಮಿನಲ್ ಪ್ರಕರಣಗಳ ಸೂಚಿಯನ್ನು ಸಾರ್ವಜನಿಕರು ಜನ್ಮದಿನಾಂಕದಿಂದಾಗಲಿ ಚಾಲನಾ ಪರವಾನಗಿ ಸಂಖ್ಯೆಯಿಂದಾಗಲಿ ಹುಡುಕುವಂತೆ ಇಡಬಾರದೆಂದು ತೀರ್ಪಿತ್ತಿದೆ.

ಉತ್ತರ, ಮಂಗಳೂರಿನಿಂದ

ನಾನು ಪತ್ರಿಕೆಯ ಸುದ್ದಿಮನೆಯಲ್ಲಿ ಇಪ್ಪತ್ತು ವರ್ಷ ಪ್ರತಿ ತಿದ್ದಿದವಳು. ಪರವಾನಗಿಯಿಲ್ಲದ ಅಂಗಡಿಯನ್ನೋ ಬಾಕಿ ಉಳಿಸಿಕೊಂಡ ಕಟ್ಟಡವನ್ನೋ ಅಧಿಕಾರಿಗಳು ಬಂದ್ ಮಾಡಿಸಿದಾಗ ನಾವು ಬರೆಯುವ ಪದ 'ಬೀಗಮುದ್ರೆ'. ಅದರಲ್ಲಿ ನಿಮಗೆ ಬೇಕಾದ ಮೂರೂ ಅಂಶಗಳಿವೆ: ಬಾಗಿಲು ಮುಚ್ಚಿದೆ, ಮುಚ್ಚಿಸಿದ್ದು ಅಧಿಕಾರವುಳ್ಳವರು, ಒಳಗಿನ ವಸ್ತು ನಾಶವಾಗಿಲ್ಲ. ಆದ್ದರಿಂದ 'ಬೀಗಮುದ್ರೆಯಲ್ಲಿರುವ ದಾಖಲೆ' ಎಂದು ಬರೆಯಿರಿ. ಹಿರಿಯರು ಕ್ರಯಪತ್ರದ ದುಂಡು ಮೊಹರಿನೊಂದಿಗೆ ಇದನ್ನು ಬೆರೆಸಿಕೊಳ್ಳುವುದಿಲ್ಲ, ಏಕೆಂದರೆ ಬೀಗ ಮುಂದೆ ನಿಂತಿದೆ. ಬರಿಯ 'ಮುದ್ರಿತ' ಎಂದೆಲ್ಲಾದರೂ ಬರೆದೀರಿ, ಅದು ಎಂದೋ ಅಚ್ಚಾದದ್ದು ಎಂಬ ಅರ್ಥಕ್ಕೆ ಸರಿದುಹೋಗಿದೆ.

ಒಳಗಿನ ವಸ್ತು ನಾಶವಾಗಿಲ್ಲ ಎಂಬ ಅಂಶಕ್ಕೆ ಒತ್ತು ಕೊಡಲು ಕಾರಣವಿದೆ. 'ಎಕ್ಸ್‌ಪಂಜ್' ಎಂಬುದಕ್ಕೆ ಅನುವಾದಕರು 'ಅಳಿಸಿಹಾಕುವುದು' ಎಂದು ಬರೆಯುವುದನ್ನು ನೋಡಿದ್ದೇನೆ. ಕ್ಯಾಲಿಫೋರ್ನಿಯಾದ ದಂಡಸಂಹಿತೆಯ 1203.4ನೇ ಕಲಮಿನಡಿ ಸಿಗುವ ರಿಯಾಯಿತಿಯನ್ನು ಜನ ಆ ಹೆಸರಿನಿಂದ ಕರೆದರೂ, ಅಲ್ಲಿ ಅಪರಾಧ ನಿರ್ಣಯ ರದ್ದಾಗಿ ಪ್ರಕರಣ ವಜಾ ಆಗುತ್ತದೆ, ಕಡತ ಇದ್ದಲ್ಲೇ ಇರುತ್ತದೆ. ಅಳಿಸಿದೆ ಎಂದು ನಂಬಿ ಪೌರತ್ವದ ಅರ್ಜಿಯಲ್ಲಿ 'ಇಲ್ಲ' ಎಂದು ಬರೆದವರಿಗೆ ದೊಡ್ಡ ತೊಂದರೆಯಾಗುತ್ತದೆ, ಏಕೆಂದರೆ ಹೀಗೆ ವಜಾ ಆದದ್ದನ್ನೂ ಬೀಗಮುದ್ರೆಯಲ್ಲಿರುವುದನ್ನೂ ಆ ಅರ್ಜಿಯಲ್ಲಿ ಹೇಳಲೇಬೇಕು. ಆ ರಿಯಾಯಿತಿಯನ್ನು 'ವಜಾ' ಎಂದೇ ಬರೆಯಿರಿ, 'ಅಳಿಸು' ಎಂಬ ಧಾತು ಆ ಪುಟದಲ್ಲಿ ಕಾಣಿಸಲೇಬಾರದು.

'ಲಾಸ್ಟ್ ನೇಮ್' ಎಂಬುದಕ್ಕೆ 'ಕುಲನಾಮ' ಬೇಡ, 'ಮನೆತನದ ಹೆಸರು' ಬೇಡ, ಎರಡೂ ನಮ್ಮಲ್ಲಿ ಬಹುಜನರಿಗೆ ಇಲ್ಲ. 'ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂದಿರುವ ಕಡೆ ಬರೆದ ಹೆಸರು' ಎಂದು ಬಿಡಿಸಿ ಬರೆಯಿರಿ, ಸಿಗದಿದ್ದರೆ ಹೆಸರುಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ಹುಡುಕಲು ಹೇಳಿ. ಒಂದೇ ಪದದಲ್ಲಿ ಹೇಳಲೇಬೇಕೆಂಬ ಹಟ ಕರಪತ್ರಕ್ಕೆ ಸಲ್ಲದು.

ಉತ್ತರ, ಮೈಸೂರಿನಿಂದ

'ಬೀಗ' ಒಪ್ಪಿದೆ, ಅದು ನಮ್ಮದು. 'ಮುದ್ರೆ' ಸಂಸ್ಕೃತದ್ದು. 'ವಜಾ' ಅರಬ್ಬಿಯದು. 'ಖಚಿತ', 'ದೃಢೀಕೃತ' ಎಂದು ಒಂದು ಕಡೆಯಿಂದ, 'ನಕಲು', 'ವಜಾ', 'ದಾಖಲೆ' ಎಂದು ಇನ್ನೊಂದು ಕಡೆಯಿಂದ ತುಂಬಿಕೊಂಡು ಬಂದರೆ ನಡುವೆ ಕನ್ನಡಕ್ಕೆ ಜಾಗವೆಲ್ಲಿದೆ? 'ತೀರು' ಎಂಬುದರಿಂದ 'ತೀರ್ಪು' ಬಂದು ಇಂದು ಯಾವ ನ್ಯಾಯಾಲಯದಲ್ಲೂ ಅನ್ಯವೆನಿಸುತ್ತಿಲ್ಲ. ಹಾಗೆಯೇ ಉಳಿದವನ್ನೂ ಕಟ್ಟಿಕೊಳ್ಳಬಹುದಿತ್ತು, ನಮ್ಮ ಸೋಮಾರಿತನದಿಂದ ಕಟ್ಟಿಕೊಳ್ಳಲಿಲ್ಲ. ನನ್ನ ವಿರೋಧವನ್ನು ದಾಖಲಿಸಿಕೊಳ್ಳಿ.

ಉತ್ತರ, ಧಾರವಾಡದಿಂದ

'ದಾಖಲಿಸಿಕೊಳ್ಳಿ' ಎಂದು ತಾವೇ ಬರೆದಿದ್ದೀರಿ. ಅರಬ್ಬಿಯ ಪದಕ್ಕೆ ಕನ್ನಡದ 'ಇಸು' ಹತ್ತಿ, ಅದು ನಿಮ್ಮ ಕೈಯಿಂದಲೇ ಸಲೀಸಾಗಿ ಹೊರಟಿದೆ. ವಕೀಲ, ಅರ್ಜಿ, ಜಾಮೀನು, ಅಮೀನ, ಶಿರಸ್ತೇದಾರ, ಇವು ಕೋರ್ಟಿನ ಮೆಟ್ಟಿಲು ಹತ್ತಿದ ರೈತನ ಬಾಯಿಯಲ್ಲಿ ತಲೆಮಾರುಗಳಿಂದ ಇರುವ ಪದಗಳು. ಅವನಿಗೆ ತಿಳಿಯದ ಕನ್ನಡವನ್ನು ಅವನ ಮೇಲೆ ಹೊರಿಸುವುದು ಕನ್ನಡದ ಸೇವೆಯಲ್ಲ.

ಬೀಗಮುದ್ರೆಗೆ ನನ್ನ ಪೂರ್ಣ ಒಪ್ಪಿಗೆಯಿದೆ, 'ಮುಚ್ಚಿದ ದಾಖಲೆ'ಯನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ 'ಪಬ್ಲಿಕ್ ರೆಕಾರ್ಡ್' ಎಂಬುದಕ್ಕೆ ಬರಿದೇ 'ಸಾರ್ವಜನಿಕ ದಾಖಲೆ' ಎಂದು ಬರೆಯಬೇಡಿ. ನಮ್ಮ 1872ರ ಸಾಕ್ಷ್ಯ ಅಧಿನಿಯಮದ ಕಾಲದಿಂದಲೂ ಆ ಪದ ಸರ್ಕಾರಿ ಕಚೇರಿಯಲ್ಲಿ, ನ್ಯಾಯಾಲಯದಲ್ಲಿ ಹುಟ್ಟಿದ ದಾಖಲೆ ಎಂಬ ಅರ್ಥದಲ್ಲಿದೆ, ಯಾರು ಬೇಕಾದರೂ ಹೋಗಿ ನೋಡಬಹುದಾದದ್ದು ಎಂಬ ಅರ್ಥದಲ್ಲಿ ಅಲ್ಲ. ನಮ್ಮಲ್ಲಿ ಪ್ರಕರಣಕ್ಕೆ ಸಂಬಂಧವಿಲ್ಲದವರು ನಕಲು ಕೇಳಿದರೆ ಕಾರಣ ಹೇಳಬೇಕಾಗುತ್ತದೆ. ಗುಜರಾತ್ ಹೈಕೋರ್ಟಿನ ಅಂಥ ನಿಯಮವನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಇದೇ ಅಭ್ಯಾಸದಲ್ಲಿ ಬೆಳೆದ ಹಿರಿಯರು ನಿಮ್ಮ ಕೌಂಟಿ ನ್ಯಾಯಾಲಯದ ಕೌಂಟರಿನ ಮುಂದೆ ಹಿಂಜರಿಯುತ್ತಾರೆ. 'ಯಾರು ಬೇಕಾದರೂ ನೋಡಬಹುದಾದ ದಾಖಲೆ' ಎಂದು ಬರೆದರೆ ಸಂಶಯ ಉಳಿಯದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಮೈಸೂರಿನವರ ವಿರೋಧವನ್ನು ಗೌರವದಿಂದ ಗಮನಿಸಿದ್ದೇನೆ. ಅವರು ನೆನಪಿಸಿದ 'ಕಡತ'ವನ್ನು ಇಡೀ ಪ್ರಕರಣದ ಕಾಗದಗಳಿಗೆ ಬಳಸಿದ್ದೇನೆ. ನಿನ್ನೆ ಸಂಜೆ ತಿದ್ದಿದ ಕರಡನ್ನು ಹಾಸನದ ಹಿರಿಯರಿಗೆ ಮತ್ತೆ ಓದಲು ಕೊಟ್ಟೆ. ಬೀಗಮುದ್ರೆ ಎಂಬಲ್ಲಿ ಅವರು ನಿಲ್ಲಲಿಲ್ಲ, ಮುಂದಕ್ಕೆ ಓದಿಕೊಂಡು ಹೋದರು. ಅಚ್ಚಿಗೆ ಕಳುಹಿಸಿದ ಪಠ್ಯದ ಆ ಭಾಗ ಹೀಗಿದೆ:

"ಮದುವೆ ಮತ್ತು ಆಸ್ತಿಯ ನೋಂದಣಿ ಪತ್ರಗಳು ನ್ಯಾಯಾಲಯದಲ್ಲಿ ಇರುವುದಿಲ್ಲ, ಅವಕ್ಕೆ ಕೌಂಟಿಯ ಕ್ಲರ್ಕ್-ರೆಕಾರ್ಡರ್ ಕಚೇರಿಗೆ ಹೋಗಬೇಕು. ವಿಚ್ಛೇದನದ ತೀರ್ಪು ನ್ಯಾಯಾಲಯದಲ್ಲಿ ಸಿಗುತ್ತದೆ. ಮೊದಲು ಹೆಸರಿನಿಂದ ಹುಡುಕಿ ಪ್ರಕರಣದ ಸಂಖ್ಯೆಯನ್ನು ಬರೆದುಕೊಳ್ಳಿ, ಸಂಖ್ಯೆಯಿದ್ದರೆ ಕಡತ ಬೇಗ ಸಿಗುತ್ತದೆ. ಕ್ರಿಮಿನಲ್ ಮತ್ತು ಕುಟುಂಬ ಪ್ರಕರಣಗಳ ಕಾಗದಗಳನ್ನು ಸಾರ್ವಜನಿಕರು ಮನೆಯಿಂದ ಅಂತರ್ಜಾಲದಲ್ಲಿ ತೆರೆಯಲು ಆಗುವುದಿಲ್ಲ, ನ್ಯಾಯಾಲಯದ ಕಟ್ಟಡಕ್ಕೆ ಹೋಗಿ ನೋಡಬೇಕು. ಮನೆ ತೆರವಿನ ದಾವೆಯ ಕಡತವನ್ನು ಮೊದಲ 60 ದಿನ ಪ್ರಕರಣಕ್ಕೆ ಸಂಬಂಧಪಡದವರಿಗೆ ಸಾಮಾನ್ಯವಾಗಿ ತೋರಿಸುವುದಿಲ್ಲ, ಅಷ್ಟರೊಳಗೆ ಮನೆಯ ಮಾಲೀಕರು ಗೆಲ್ಲದಿದ್ದರೆ ಆಮೇಲೂ ತೋರಿಸುವುದಿಲ್ಲ. ಕಾನೂನೇ ಗೋಪ್ಯವೆಂದ ಕಡತವನ್ನು ಮತ್ತು ನ್ಯಾಯಾಧೀಶರ ಆದೇಶದಿಂದ ಬೀಗಮುದ್ರೆಯಲ್ಲಿರುವ ದಾಖಲೆಯನ್ನು ಹೊರಗಿನವರಿಗೆ ಕೊಡುವುದಿಲ್ಲ. ಉಳಿದ ಕಡತವನ್ನು ಯಾರು ಬೇಕಾದರೂ ನೋಡಬಹುದು. ಏಕೆ ಬೇಕೆಂದು ನೀವು ಹೇಳಬೇಕಾಗಿಲ್ಲ."