ಲಾಟರಿ ಎತ್ತದೆ ಎರಡು ಮಾತ್ರೆ ಹೋಲಿಸುವುದು ಹೇಗೆ? ಕೋಲಾರದ ಚಾಟ್ ಗುಂಪಿನಲ್ಲಿ ಡಾಕ್ಟರ ಜೊತೆ ಪ್ರಶ್ನೋತ್ತರ

ಪಿಜಿ ವಿದ್ಯಾರ್ಥಿನಿ, ಕೋಲಾರ: ಸರ್, ಥೀಸಿಸ್‌ಗೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡವರ ಹಳೇ ಫೈಲ್ ತೆಗೆದಿದ್ದೇನೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳಲ್ಲಿ, ಆರು ತಿಂಗಳು ಟಿಕಾಗ್ರೆಲರ್ ನುಂಗಿದವರು ಒಂದು ಗುಂಪು, ಉಳಿದವರೆಲ್ಲ ಕ್ಲೊಪಿಡೋಗ್ರೆಲ್ ಗುಂಪು. ಡಿಸ್ಚಾರ್ಜ್ ದಿನದಿಂದ ಸಾವು ಎಣಿಸಿದೆ. ಟಿಕಾಗ್ರೆಲರ್‌ನವರಲ್ಲಿ ಸಾವು ಅರ್ಧಕ್ಕಿಂತ ಕಡಿಮೆ! ಪೇಪರ್ ಕಳಿಸಬಹುದಾ?

ಡಾಕ್ಟರ್: ದಯವಿಟ್ಟು ಕಳಿಸಬೇಡಿ. ಆರು ತಿಂಗಳು ಮಾತ್ರೆ ನುಂಗಬೇಕಾದರೆ ಆರು ತಿಂಗಳು ಬದುಕಿರಲೇಬೇಕು. ಟಿಕಾಗ್ರೆಲರ್ ಶುರು ಮಾಡಿ ಎರಡನೇ ತಿಂಗಳಲ್ಲಿ ತೀರಿಕೊಂಡವರು ನಿಮ್ಮ ಮೊದಲ ಗುಂಪಿಗೆ ಬರುವುದೇ ಇಲ್ಲ. ಅವರ ಸಾವು ಇನ್ನೊಂದು ಗುಂಪಿನ ಲೆಕ್ಕಕ್ಕೆ ಬಿದ್ದಿದೆ. ಮಾತ್ರೆಯಲ್ಲಿ ಬರೀ ಸೀಮೆಸುಣ್ಣ ಇದ್ದರೂ ಇದೇ ಉತ್ತರ ಬರುತ್ತಿತ್ತು.

ಮೊದಲು ಕಂಪ್ಯೂಟರ್ ಮುಚ್ಚಿ. ಯಾರಿಗೆ ಯಾವ ಮಾತ್ರೆ ಅಂತ ಲಾಟರಿ ಎತ್ತಿ ಟ್ರಯಲ್ ಮಾಡುವ ಅವಕಾಶ ಸಿಕ್ಕಿದ್ದರೆ ಹೇಗೆ ಮಾಡುತ್ತಿದ್ದಿರಿ ಅಂತ ಬರೆಯಿರಿ. ಯಾರನ್ನು ಸೇರಿಸುತ್ತಿದ್ದಿರಿ, ಎಂದಿನಿಂದ ಎಣಿಸುತ್ತಿದ್ದಿರಿ, ಎಲ್ಲಿಯವರೆಗೆ? ಆಮೇಲೆ ಫೈಲ್‌ಗಳಲ್ಲಿ ಅದನ್ನೇ ಅನುಕರಿಸಿ. ಡಿಸ್ಚಾರ್ಜ್ ಚೀಟಿ ಬರೆದ ದಿನವೇ ಶುರು. ಅವತ್ತು ಬರೆದ ಮಾತ್ರೆಯೇ ಗುಂಪು. ಆಮೇಲೆ ಬದಲಾಯಿಸಿದರೂ, ಬಿಟ್ಟರೂ ಅದೇ ಗುಂಪು. ಮೊದಲಿನಿಂದಲೇ ಇವುಗಳಲ್ಲೊಂದನ್ನು ನುಂಗುತ್ತಿದ್ದವರು ಬೇಡ.

ಇನ್ನೊಂದು ಚಿಂತೆ. ಟಿಕಾಗ್ರೆಲರ್ ಬೆಲೆ ಜಾಸ್ತಿ. ರಕ್ತಸ್ರಾವದ ಭಯ ಇರುವ ವಯಸ್ಸಾದವರಿಗೆ ಡಾಕ್ಟರು ಕ್ಲೊಪಿಡೋಗ್ರೆಲ್ ಬರೆಯುತ್ತಾರೆ. ಅಂದರೆ ಗುಂಪುಗಳು ಮೊದಲೇ ಬೇರೆ. ವಯಸ್ಸು, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಸಕ್ಕರೆ, ಹಿಂದಿನ ರಕ್ತಸ್ರಾವ, ಕಾರ್ಡಾ ಕ್ಯಾಶಾ, ಎಲ್ಲ ಬೇಕು. ಶುರುವಿನ ದಿನಕ್ಕೆ ಮೊದಲಿನದ್ದು ಮಾತ್ರ. ರೋಸೆನ್‌ಬಾಮ್ ಮತ್ತು ರೂಬಿನ್ 1983ರಲ್ಲಿ ಕೊಟ್ಟ ಪ್ರೊಪೆನ್ಸಿಟಿ ಸ್ಕೋರ್ (ಇಂಥ ರೋಗಿಗೆ ಆ ಮಾತ್ರೆ ಬರೆಯುವ ಸಾಧ್ಯತೆ ಎಷ್ಟು ಅನ್ನುವ ಲೆಕ್ಕ) ಬಳಸಿ, ಆದರೆ ಫೈಲಿನಲ್ಲಿ ಬರೆಯದೇ ಇರುವುದನ್ನು ಅದು ಸರಿ ಮಾಡಲ್ಲ. ಅದಕ್ಕೆ ಮಾತ್ರೆಗೆ ಸಂಬಂಧವೇ ಇಲ್ಲದ ಬಸ್ ಅಪಘಾತದ ಮೂಳೆ ಮುರಿತವನ್ನೂ ಎಣಿಸಿ. ಟಿಕಾಗ್ರೆಲರ್ ಅದನ್ನೂ ‘ಕಡಿಮೆ ಮಾಡಿದರೆ’ ವ್ಯತ್ಯಾಸ ಇರುವುದು ಜನರಲ್ಲಿ, ಮಾತ್ರೆಯಲ್ಲಲ್ಲ.

ಇದೇ ಎರಡು ಮಾತ್ರೆ ಹೋಲಿಸಲು ಲಾಟರಿ ಎತ್ತಿ 18,624 ಜನರ ಮೇಲೆ ಮಾಡಿದ ಪ್ಲೇಟೋ ಟ್ರಯಲ್ 2009ರಲ್ಲೇ ಬಂದಿದೆ. ನಿಮ್ಮ ಲಾಭ ಅದಕ್ಕಿಂತ ತುಂಬಾ ದೊಡ್ಡದು. ಅಂಥಾಗ ಮೊದಲು ಅನುಮಾನಿಸಬೇಕಾದ್ದು ನಿಮ್ಮ ಲೆಕ್ಕವನ್ನೇ.

ಬಂಗಾರಪೇಟೆ: ಹಾಗಾದ್ರೆ ಲಾಟರಿ ಇಲ್ಲದ ಸ್ಟಡಿ ಎಲ್ಲ ಸುಳ್ಳಾ ಸರ್?

ಡಾಕ್ಟರ್: ಅಲ್ಲ. ಮುಟ್ಟು ನಿಂತವರಿಗೆ ಕೊಡುವ ಹಾರ್ಮೋನು ಹೃದಯ ಕಾಯುತ್ತದೆ ಅಂತ ಅಮೆರಿಕದ ನರ್ಸುಗಳ ಅಧ್ಯಯನ ಹೇಳಿತ್ತು. 2002ರಲ್ಲಿ ಲಾಟರಿ ಎತ್ತಿದ ದೊಡ್ಡ ಟ್ರಯಲ್ ಉಲ್ಟಾ ಹೇಳಿತು. 2008ರಲ್ಲಿ ಹೆರ್ನಾನ್ ಮತ್ತು ಜೊತೆಗಾರರು ಅದೇ ನರ್ಸುಗಳ ಮಾಹಿತಿಯನ್ನು, ಹಾರ್ಮೋನು ಶುರು ಮಾಡಿದ ದಿನದಿಂದ ಎಣಿಸಿ ನೋಡಿದರು. ಉತ್ತರ ಟ್ರಯಲ್‌ಗೆ ಹತ್ತಿರ ಬಂತು.

ಮಾಲೂರು: ಬೆಳ್ಳುಳ್ಳಿ, ಶುಂಠಿ, ನಿಂಬೆ, ಜೇನಿನ ರಸ ಕುಡಿದು ಇಪ್ಪತ್ತು ಜನಕ್ಕೆ ಬ್ಲಾಕ್ ಕರಗಿದೆ (ಫಾರ್ವರ್ಡ್). ಇದೂ ಲಾಟರಿ ಇಲ್ಲದ ಸ್ಟಡಿ ಅಲ್ವಾ?

ಡಾಕ್ಟರ್: ಅಲ್ಲ. ಕುಡಿದೂ ತೀರಿಕೊಂಡವರನ್ನು ಯಾರು ಎಣಿಸಿದರು? ಹೋಲಿಸಲು ಇನ್ನೊಂದು ಗುಂಪು ಎಲ್ಲಿ? ಇದನ್ನು ಇಲ್ಲಿ ಹಾಕಬೇಡಿ.

ಶ್ರೀನಿವಾಸಪುರ: ಕಾರ್ಡ್ ಇದ್ದವರಿಗೆ ಹಳೇ ಮಾತ್ರೆ, ದುಡ್ಡಿದ್ದವರಿಗೆ ಹೊಸದು. ಡಾಕ್ಟರೇ ಒಪ್ಪಿಕೊಂಡರಲ್ಲ!

ಕೆಜಿಎಫ್: ಕ್ಲೊಪಿಡೋಗ್ರೆಲ್ ಕೆಟ್ಟದ್ದು ಅಂತ ಎಲ್ಲಿ ಹೇಳಿದ್ದಾರೆ? ಪೂರ್ತಿ ಓದಿ.

ಶ್ರೀನಿವಾಸಪುರ: ಮೆಡಿಕಲ್ ಶಾಪ್ ಇಟ್ಟವರು ನಮಗೆ ಓದೋದು ಕಲಿಸಬೇಡಿ.

ಕೆಜಿಎಫ್: ಅಂಗಡಿ ವಿಷಯ ಯಾಕೆ ತೆಗೀತೀರಿ? ನಾಲಿಗೆ ಹಿಡಿತದಲ್ಲಿರಲಿ.

ಚಿಂತಾಮಣಿ: ಸರ್, ಅಂಥ ಸ್ಟಡಿಗೆ ಎಷ್ಟು ಫೈಲ್ ಬೇಕು?

ಮಾಲೂರು: ನಮ್ಮ ಅಜ್ಜಿ ಕಾಲದಲ್ಲಿ ಯಾವ ಸ್ಟಡಿ ಇತ್ತು? ಡಾಕ್ಟರಿಗೆ ಕಂಪನಿ ಮೇಲೆ ಪ್ರೀತಿ.

ಡಾಕ್ಟರ್: ನನಗೆ ಯಾವ ಕಂಪನಿಯ ದುಡ್ಡೂ ಬರಲ್ಲ.

ಬಂಗಾರಪೇಟೆ: ಫೈಲಲ್ಲಿ ಇಲ್ಲದ್ದನ್ನು ಸ್ಕೋರ್ ಸರಿ ಮಾಡುತ್ತಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಪಿಜಿ ವಿದ್ಯಾರ್ಥಿನಿ, ಕೋಲಾರ: ಸರ್, ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೋಗಿಬಿಟ್ಟವರನ್ನು ಬದುಕಿದ್ದಾರೆ ಅಂತ ಹಾಕಲಾ?

ಡಾಕ್ಟರ್: ಬೇಡ. ಫೋನ್ ಮಾಡಿ ಕೇಳಿ. ಸಿಗದಿದ್ದರೆ ಅವರು ಕೊನೆಯದಾಗಿ ಕಂಡ ದಿನಕ್ಕೆ ಎಣಿಕೆ ನಿಲ್ಲಿಸಿ. ಯಾವ ಗುಂಪಿನವರು ಜಾಸ್ತಿ ಕಾಣೆಯಾದರು ಅಂತಲೂ ಬರೆಯಿರಿ.

ಮುಳಬಾಗಿಲು: ಅಮ್ಮನಿಗೆ ಹೋದ ತಿಂಗಳು ಸ್ಟೆಂಟ್ ಆಯ್ತು. ಟಿಕಾಗ್ರೆಲರ್‌ನಿಂದ ಉಸಿರು ಕಟ್ಟಿದ ಹಾಗಾಗುತ್ತೆ ಅಂತ ಬಿಟ್ಟು, ಮೇಲಿನ ರಸ ಕುಡೀತಿದ್ದಾರೆ. ಪರವಾಗಿಲ್ವಾ?

ಡಾಕ್ಟರ್: ಇಲ್ಲ, ಇದು ಅಪಾಯ! ಹೊಸ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಜೀವ ಹೋಗಬಹುದು. ಈಗಲೇ ಸ್ಟೆಂಟ್ ಹಾಕಿದ ಡಾಕ್ಟರಿಗೆ ಫೋನ್ ಮಾಡಿ. ಆ ಮಾತ್ರೆಗೆ ಉಸಿರಾಟದ ತೊಂದರೆ ಇರುವುದು ನಿಜ, ಬೇಕಿದ್ದರೆ ಅವರೇ ಬೇರೆ ಮಾತ್ರೆಗೆ ಬದಲಾಯಿಸುತ್ತಾರೆ. ಎದೆನೋವು ಇದ್ದರೆ ಅಥವಾ ಉಸಿರು ಜಾಸ್ತಿ ಕಟ್ಟುತ್ತಿದ್ದರೆ 108ಕ್ಕೆ ಕರೆ ಮಾಡಿ. ಉಳಿದವರು ಸ್ವಲ್ಪ ಹೊತ್ತು ಸುಮ್ಮನಿರಿ, ಇವರ ಉತ್ತರ ನನಗೆ ಕಾಣಬೇಕು.